ಜಾಹೀರಾತು-ತಡೆಯ ಪೂರ್ವೋತ್ತರ

ಪರೀಕ್ಷೆ ಸಮೀಪಿಸಿದಾಗ ವಿದ್ಯಾರ್ಥಿಯಾದವನಿಗೆ ಓದೊಂದನ್ನುಳಿದು ಮಿಕ್ಕ ಕೆಲಸಗಳೆಲ್ಲವೂ ಪ್ರಿಯವಾಗುವುದು ಯಾವ ದೇಶದಲ್ಲಾದರೂ ಕಾಣತಕ್ಕ ಸಂಗತಿ. 2002ನೆಯ ಇಸವಿಯಲ್ಲಿ ಡೆನ್ಮಾರ್ಕಿನ ಹೆನ್ರಿಕ್ ಓಸ್ಟೆಡ್ ಸೋರೆನ್ಸನ್ ಎಂಬ ವಿದ್ಯಾರ್ಥಿಯು ಹೀಗೆಯೇ ಪರೀಕ್ಷೆಯ ಓದನ್ನು ಮುಂದೂಡುತ್ತ ಕೈಹಾಕಿದ ಒಂದು ಸಣ್ಣ ಕಾರ್ಯವು, ಮುಂದೆ ಕೋಟ್ಯಂತರ ಜನರ ದಿನಚರಿಯಲ್ಲಿ ಸೇರಿಹೋಗಿ, ಜಾಹೀರಾತನ್ನೇ ಜೀವನೋಪಾಯವಾಗಿ ಮಾಡಿಕೊಂಡಿದ್ದ ಮಹಾಸಂಸ್ಥೆಗಳ ನಿದ್ದೆಗೆಡಿಸಿ, ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಿತು. ಆ ಕಾರ್ಯದ ಫಲಕ್ಕೆ ಆ್ಯಡ್‌ಬ್ಲಾಕ್ ಎಂದು ಹೆಸರು. ಬ್ರೌಸರಿನೊಳಗೆ ಸೇರಿಕೊಂಡು ಅದರ ನಡತೆಯನ್ನು ಬಳಕೆದಾರನ ಇಚ್ಛೆಗೆ ತಕ್ಕಂತೆ ತಿದ್ದುವ ಪುಟ್ಟ ತಂತ್ರಾಂಶಕ್ಕೆ ಎಕ್ಸ್‌ಟೆನ್ಷನ್ ಎನ್ನುವರಷ್ಟೆ. ಆ ಜಾತಿಯ ತಂತ್ರಾಂಶಗಳಲ್ಲಿ ಇದರ ವಂಶದಷ್ಟು ಪ್ರಸಿದ್ಧವಾದುದೂ ಇಷ್ಟು ವಿವಾದಕ್ಕೆ ಗುರಿಯಾದುದೂ ಬೇರೊಂದಿಲ್ಲ.

ಇಂಥ ವಿಷಯಗಳ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಮೊದಲು ಕಟ್ಟಿದವನ ಹೆಸರನ್ನು ಹೇಳಿ, ಅವನ ಬುದ್ಧಿಯನ್ನು ಕೊಂಡಾಡಿ, ಮಿಕ್ಕುದನ್ನು ನಾಲ್ಕು ಮಾತಿನಲ್ಲಿ ಮುಗಿಸುವುದುಂಟು. ಆದರೆ ಎಕ್ಸ್‌ಟೆನ್ಷನ್ನುಗಳ ಈ ವೃತ್ತಿಯ ವಿಷಯದಲ್ಲಿ ಕಟ್ಟುವ ಕಾರ್ಯವು ಕೆಲವು ದಿನಗಳದು, ಹೆಚ್ಚೆಂದರೆ ಕೆಲವು ತಿಂಗಳುಗಳದು. ಅದನ್ನು ಕೆಡದಂತೆ ಕಾಯುವ ಕಾರ್ಯಕ್ಕಾದರೋ ಕೊನೆಯೆಂಬುದೇ ಇಲ್ಲ. ಆದ ಕಾರಣ ಇದರ ನಿಜವಾದ ಇತಿಹಾಸವು ಕರ್ತೃಗಳ ಇತಿಹಾಸಕ್ಕಿಂತ ಹೆಚ್ಚಾಗಿ ಪಾಲಕರ ಇತಿಹಾಸವೆಂದೇ ನನ್ನ ಎಣಿಕೆ.

ಜಾಲಪುಟದ ಮೇಲೆ ಜಾಹೀರಾತಿನ ಪಟ್ಟಿಗಳು ಮೊಟ್ಟಮೊದಲು ಗಮನಾರ್ಹವಾಗಿ ಕಾಣಿಸಿಕೊಂಡದ್ದು 1994ರ ಅಕ್ಟೋಬರಿನಲ್ಲಿ, ಅಮೆರಿಕದ ಹಾಟ್‌ವೈರ್ಡ್ ಎಂಬ ಜಾಲಪತ್ರಿಕೆಯಲ್ಲಿ. ಎಟಿ ಅಂಡ್ ಟಿ ಎಂಬ ದೂರವಾಣಿ ಸಂಸ್ಥೆಯ ಪಟ್ಟಿ ಅವುಗಳಲ್ಲೊಂದು. ಆಗ ನೋಡಿದವರಿಗೆ ಅದೊಂದು ಕೌತುಕದ ವಸ್ತುವಾಗಿತ್ತು. ಶತಮಾನವು ಮುಗಿಯುವುದರೊಳಗಾಗಿ ಆ ಕೌತುಕವೆಲ್ಲ ಬತ್ತಿಹೋಗಿ, ಮಿನುಗುವ, ಕುಣಿಯುವ, ಕರೆಯದೆ ಬಂದು ಪುಟದ ಮೇಲೆ ಹೊಸ ಕಿಟಕಿಯನ್ನೇ ತೆರೆದು ನಿಲ್ಲುವ ಪಾಪ್-ಅಪ್ ಜಾಹೀರಾತುಗಳ ಹಾವಳಿ ಆರಂಭವಾಯಿತು. ದೂರವಾಣಿಯ ತಂತಿಯ ಮೂಲಕ ಮೋಡೆಮ್ ಇಟ್ಟುಕೊಂಡು ಜಾಲವನ್ನು ಸೇರುತ್ತಿದ್ದ ಆ ಕಾಲದಲ್ಲಿ, ಬೇಡವಾದ ಒಂದು ಚಿತ್ರವು ಇಳಿಯುವ ತನಕ ಬೇಕಾದ ಬರಹಕ್ಕಾಗಿ ಕಾದು ಕುಳಿತಿರಬೇಕಾದದ್ದು ಬಳಕೆದಾರನ ತಾಳ್ಮೆಗೂ ಕೈಗಾಸಿಗೂ ಒಟ್ಟಿಗೆ ಬಿದ್ದ ಪೆಟ್ಟಾಗಿತ್ತು. ಬ್ರೌಸರಿಗೆ ಹೊರಗಿನಿಂದ ಏನನ್ನಾದರೂ ಸೇರಿಸುವ ಅವಕಾಶವು ಆಗಲೂ ಇಲ್ಲದಿರಲಿಲ್ಲ. ಮೈಕ್ರೋಸಾಫ್ಟಿನ ಇಂಟರ್‌ನೆಟ್ ಎಕ್ಸ್‌ಪ್ಲೋರರ್ 1997ರ ತನ್ನ ನಾಲ್ಕನೆಯ ಆವೃತ್ತಿಯಲ್ಲಿ ಅನ್ಯರ ತಂತ್ರಾಂಶಗಳು ಒಳಹೊಕ್ಕು ನೆಲಸುವುದಕ್ಕೆ ದಾರಿಯೊಂದನ್ನು ತೆರೆದಿತ್ತು. ಆದರೆ ಆ ದಾರಿಯಲ್ಲಿ ಬಂದವುಗಳಲ್ಲಿ ಉಪಕಾರಿಗಳಿಗಿಂತ ಬಳಕೆದಾರನ ಚಲನವಲನವನ್ನು ಹೊಂಚಿ ನೋಡುವ ಬೇಹುಗಾರ ತಂತ್ರಾಂಶಗಳೇ ಅಧಿಕವಾಗಿ, ಆ ಬಾಗಿಲಿಗೇ ಅಪಖ್ಯಾತಿ ಬಂದಿತು.

ಒಳ್ಳೆಯ ಬಾಗಿಲೊಂದು ತೆರೆದುಕೊಂಡದ್ದು ಸೋತವರ ಮನೆಯಿಂದ. ಮೈಕ್ರೋಸಾಫ್ಟಿನ ಎದುರು ಸ್ಪರ್ಧಿಸಿ ಬಸವಳಿದ ನೆಟ್‌ಸ್ಕೇಪ್ ಸಂಸ್ಥೆಯು 1998ರಲ್ಲಿ ತನ್ನ ಬ್ರೌಸರಿನ ಮೂಲಸಂಕೇತವನ್ನು ಲೋಕಕ್ಕೆ ಬಿಟ್ಟುಕೊಟ್ಟಿತು; ಅದರಿಂದ ಮೊಜಿಲ್ಲಾ ಯೋಜನೆಯು ಹುಟ್ಟಿತು. ಮೊಜಿಲ್ಲಾದ ಶಿಲ್ಪಿಗಳು ಬ್ರೌಸರಿನ ಕಿಟಕಿ, ಗುಂಡಿ, ಮೆನು ಮೊದಲಾದ ಸಮಸ್ತ ಬಾಹ್ಯಾಂಗಗಳನ್ನೂ ಜಾಲಪುಟಗಳ ಭಾಷೆಯನ್ನೇ ಹೋಲುವ ಝೂಲ್ ಎಂಬ ಭಾಷೆಯಲ್ಲಿ ರಚಿಸಿದರು. ಅದರ ಪರಿಣಾಮವಾಗಿ, ಜಾಲಪುಟವನ್ನು ಬರೆಯಬಲ್ಲ ಯಾವನೇ ಆಗಲಿ ಬ್ರೌಸರಿನ ಅಂಗಾಂಗಗಳನ್ನೂ ತಿದ್ದಬಲ್ಲವನಾದನು. 2002ರ ಸೆಪ್ಟೆಂಬರಿನಲ್ಲಿ ಫೀನಿಕ್ಸ್ ಎಂಬ ಹೆಸರಿನಿಂದ ಹೊರಬಂದು, ಮರುವರ್ಷ ಫೈರ್‌ಬರ್ಡ್ ಎನಿಸಿಕೊಂಡು, 2004ರ ಫೆಬ್ರವರಿಯಲ್ಲಿ ಫೈರ್‌ಫಾಕ್ಸ್ ಎಂಬ ಮೂರನೆಯ ನಾಮಕರಣವನ್ನು ಪಡೆದ ಹೊಸ ಬ್ರೌಸರಿನ ಸಿದ್ಧಾಂತವೂ ಇದಕ್ಕೆ ಅನುಕೂಲವಾಗಿಯೇ ಇದ್ದಿತು: ಬ್ರೌಸರು ಕೃಶವಾಗಿಯೂ ಚುರುಕಾಗಿಯೂ ಇರಲಿ, ಹೆಚ್ಚಿನ ಸೌಕರ್ಯ ಬೇಕಾದವರು ಅದನ್ನು ಎಕ್ಸ್‌ಟೆನ್ಷನ್ನಾಗಿ ಸೇರಿಸಿಕೊಳ್ಳಲಿ ಎಂಬುದೇ ಆ ಸಿದ್ಧಾಂತ. ಸೋರೆನ್ಸನ್ನರ ಆ್ಯಡ್‌ಬ್ಲಾಕ್ ಇಂಥ ಎಳೆಯ ನೆಲದಲ್ಲಿ ಮೊಳೆತದ್ದು. ಮೊದಮೊದಲು ಅದು ಜಾಹೀರಾತನ್ನು ಕಣ್ಣಿಗೆ ಮರೆಮಾಡುತ್ತಿತ್ತೇ ಹೊರತು ಇಳಿಯದಂತೆ ತಡೆಯುತ್ತಿರಲಿಲ್ಲ. ಯಾವ ವಿಳಾಸದಿಂದ ಬರುವ ಚಿತ್ರಗಳು ಬೇಡವೆಂಬುದನ್ನು ಬಳಕೆದಾರನೇ ಬರೆದುಕೊಡಬೇಕಾಗಿತ್ತು.

2004ರ ನವೆಂಬರ್ 9ರಂದು ಫೈರ್‌ಫಾಕ್ಸಿನ ಪ್ರಥಮ ಪೂರ್ಣಾವೃತ್ತಿಯು ಪ್ರಕಟವಾದ ಮೇಲೆ ಬಂದ ಕೆಲವು ವರ್ಷಗಳನ್ನು ಈ ವೃತ್ತಿಯ ಸುವರ್ಣಕಾಲವೆಂದರೆ ಅತಿಶಯೋಕ್ತಿಯಾಗದು. ಅದೇ ತಿಂಗಳಿನಲ್ಲಿ ಆರನ್ ಬೂಡ್‌ಮನ್ ಅವರ ಗ್ರೀಸ್‌ಮಂಕಿ ಬಂದು, ಪರರ ಜಾಲಪುಟವನ್ನು ತನ್ನ ಮನಸ್ಸಿಗೆ ಬಂದಂತೆ ಮಾರ್ಪಡಿಸಿಕೊಳ್ಳುವ ಸ್ವಾತಂತ್ರ್ಯವನ್ನು ಓದುಗನಿಗೆ ಕೊಟ್ಟಿತು. ಇಟಲಿಯ ಜಾರ್ಜಿಯೊ ಮಾವೊನೆ 2005ರಲ್ಲಿ ನೋಸ್ಕ್ರಿಪ್ಟನ್ನೂ, ಜೋ ಹೀವಿಟ್ 2006ರ ಆದಿಯಲ್ಲಿ ಫೈರ್‌ಬಗ್ಗನ್ನೂ ಹೊರತಂದರು. ಜಾಲಪುಟದ ದೋಷಗಳನ್ನು ಬಿಚ್ಚಿ ತೋರಿಸುವ ಫೈರ್‌ಬಗ್ಗಿನ ಕ್ರಮವನ್ನು ಅನಂತರದ ಬ್ರೌಸರುಗಳೆಲ್ಲ ತಮ್ಮೊಳಗೇ ಅಳವಡಿಸಿಕೊಂಡವು. ಭಾರತೀಯ ಲಿಪಿಗಳನ್ನು ಓದುವವರಿಗೂ ಈ ಕಾಲದಿಂದ ಒದಗಿದ ಉಪಕಾರವೊಂದುಂಟು. ಯೂನಿಕೋಡ್ ಬಳಕೆಗೆ ಬರುವುದಕ್ಕೆ ಮುನ್ನ ನಮ್ಮ ಪತ್ರಿಕೆಗಳ ಜಾಲತಾಣಗಳು ಒಂದೊಂದೂ ತನ್ನದೇ ಆದ ಅಕ್ಷರವಿನ್ಯಾಸವನ್ನು ಅವಲಂಬಿಸಿದ್ದು, ಆ ಫಾಂಟ್ ಇಲ್ಲದ ಗಣಕದಲ್ಲಿ ಅರ್ಥವಿಲ್ಲದ ಚಿಹ್ನೆಗಳ ರಾಶಿಯಾಗಿ ಕಾಣಿಸುತ್ತಿದ್ದವು. ತೆಲುಗು ಮೊದಲಾದ ಭಾಷೆಗಳ ಅಂಥ ಪುಟಗಳನ್ನು ಯೂನಿಕೋಡಿಗೆ ಪರಿವರ್ತಿಸಿ ಓದಿಸುತ್ತಿದ್ದ ಪದ್ಮ ಎಂಬ ಎಕ್ಸ್‌ಟೆನ್ಷನ್ ಫೈರ್‌ಫಾಕ್ಸಿನಲ್ಲಿ ದೊರೆಯುತ್ತಿತ್ತು. ಸಂಸ್ಥೆಗಳು ಮಾಡದೆ ಬಿಟ್ಟ ಕೆಲಸವನ್ನು ಒಬ್ಬಿಬ್ಬರು ಹವ್ಯಾಸಿಗಳು ಮಾಡಿ ತೋರಿಸಿದ್ದೇ ಆ ಕಾಲದ ಲಕ್ಷಣ.

ಆದರೆ ಆ ಸ್ವಾತಂತ್ರ್ಯಕ್ಕೆ ತೆರಬೇಕಾದ ಕಂದಾಯವೂ ಇದ್ದಿತು. ಎಕ್ಸ್‌ಟೆನ್ಷನ್ನುಗಳು ಬ್ರೌಸರಿನ ಅಂತರಂಗದ ಯಾವ ಭಾಗವನ್ನಾದರೂ ಮುಟ್ಟಬಹುದಾಗಿದ್ದುದರಿಂದ, ಆ ಅಂತರಂಗದಲ್ಲಿ ಮೊಜಿಲ್ಲಾದವರು ಒಂದು ತಿದ್ದುಪಾಟು ಮಾಡಿದರೆ ಸಾಕು, ಎಲ್ಲೋ ಇದ್ದ ಎಕ್ಸ್‌ಟೆನ್ಷನ್ನೊಂದು ಮುರಿದು ಬೀಳುತ್ತಿತ್ತು. ಇದಕ್ಕಾಗಿ ಪ್ರತಿಯೊಂದು ಎಕ್ಸ್‌ಟೆನ್ಷನ್ನಿನಲ್ಲಿಯೂ ತಾನು ಫೈರ್‌ಫಾಕ್ಸಿನ ಎಷ್ಟನೆಯ ಆವೃತ್ತಿಯವರೆಗೆ ಸಲ್ಲುವುದೆಂಬುದನ್ನು ನಮೂದಿಸುವ ನಿಯಮವಿತ್ತು. ಹೊಸ ಆವೃತ್ತಿ ಬಂದೊಡನೆ ಕರ್ತೃವು ತನ್ನ ಕೃತಿಯನ್ನು ಪುನಃ ಪರೀಕ್ಷಿಸಿ ಆ ಸಂಖ್ಯೆಯನ್ನು ಏರಿಸಬೇಕು, ಇಲ್ಲವಾದರೆ ಅದು ತಾನಾಗಿಯೇ ನಿಶ್ಚೇಷ್ಟಿತವಾಗುವುದು. ವರ್ಷಕ್ಕೊಮ್ಮೆ ಆವೃತ್ತಿ ಬರುತ್ತಿದ್ದಷ್ಟು ದಿನ ಈ ಶ್ರಮವು ಸಹ್ಯವಾಗಿತ್ತು. 2011ರಲ್ಲಿ ಮೊಜಿಲ್ಲಾವು ಆರು ವಾರಗಳಿಗೊಂದರಂತೆ ಆವೃತ್ತಿಗಳನ್ನು ಹೊರಡಿಸತೊಡಗಿದಾಗ, ಬಿಡುವಿನ ವೇಳೆಯಲ್ಲಿ ಸಂಬಳವಿಲ್ಲದೆ ದುಡಿಯುತ್ತಿದ್ದವರ ಪಾಡು ಹೇಳತೀರದಾಯಿತು. ಆಕ್ಷೇಪಗಳು ಹೆಚ್ಚಿದ ಮೇಲೆ, 2012ರ ಜನವರಿಯ ಹತ್ತನೆಯ ಆವೃತ್ತಿಯಿಂದ ಮೊದಲ್ಗೊಂಡು ಎಕ್ಸ್‌ಟೆನ್ಷನ್ನುಗಳು ಸಾಮಾನ್ಯವಾಗಿ ಹೊಂದುತ್ತವೆಂದೇ ಭಾವಿಸುವ ಪದ್ಧತಿಯು ಜಾರಿಗೆ ಬಂದಿತು.

ಈ ನಡುವೆ ಸೋರೆನ್ಸನ್ನರು ಕೈಬಿಟ್ಟ ಆ್ಯಡ್‌ಬ್ಲಾಕು ಕೈಯಿಂದ ಕೈಗೆ ಸಾಗಿತ್ತು. ವ್ಲಾದಿಮಿರ್ ಪಲಂಟ್ ಎಂಬವರು ಅದನ್ನು ಬುಡದಿಂದ ಹೊಸದಾಗಿ ಬರೆದು, 2006ರ ಜನವರಿಯಲ್ಲಿ ಆ್ಯಡ್‌ಬ್ಲಾಕ್ ಪ್ಲಸ್ ಎಂಬ ಹೆಸರಿನಿಂದ ಪ್ರಕಟಿಸಿದರು. ಅದರ ಮುಖ್ಯ ಗುಣವೆಂದರೆ ಚಂದಾ ಪದ್ಧತಿ: ಯಾವುದನ್ನು ತಡೆಯಬೇಕೆಂಬ ನಿಯಮಗಳನ್ನು ಪ್ರತಿಯೊಬ್ಬನೂ ತಾನೇ ಬರೆದುಕೊಳ್ಳುವ ಬದಲು, ಬಲ್ಲವರು ಸಿದ್ಧಪಡಿಸಿದ ಪಟ್ಟಿಗೆ ಚಂದಾದಾರನಾದರೆ ಸಾಕು, ಪಟ್ಟಿಯು ಕೆಲವು ದಿನಗಳಿಗೊಮ್ಮೆ ತಾನಾಗಿಯೇ ನವೀಕರಣಗೊಳ್ಳುತ್ತಿತ್ತು. ಇಂಥ ಪಟ್ಟಿಗಳಲ್ಲಿ ಸರ್ವಮಾನ್ಯವಾದುದು ಈಸಿಲಿಸ್ಟ್. ಅದನ್ನು 2005ರಲ್ಲಿ ಆರಂಭಿಸಿದವರು ಅಮೆರಿಕದ ರಿಕ್ ಪೆಟ್ನೆಲ್. ಜನರು ಎಕ್ಸ್‌ಟೆನ್ಷನ್ನಿನ ಹೆಸರನ್ನು ಬಲ್ಲರು, ಪಟ್ಟಿಯ ಹೆಸರನ್ನು ಬಲ್ಲವರು ವಿರಳ; ಆದರೆ ಪಟ್ಟಿಯಿಲ್ಲದ ಎಕ್ಸ್‌ಟೆನ್ಷನ್ನು ಬರಿಯ ಯಂತ್ರ, ಯಾವುದು ಜಾಹೀರಾತು ಯಾವುದು ಅಲ್ಲ ಎಂಬ ವಿವೇಕವೆಲ್ಲ ಪಟ್ಟಿಯಲ್ಲಿಯೇ ಇರತಕ್ಕದ್ದು. ನಿಯಮಗಳು ಒಂದೊಂದು ಸಾಲಿನವು. ಒಂದು ಬಗೆಯ ಸಾಲು ಇಂಥ ವಿಳಾಸದಿಂದ ಬರುವುದೆಲ್ಲವನ್ನೂ ತಡೆಯೆನ್ನುತ್ತದೆ; ಇನ್ನೊಂದು ಬಗೆಯದು ಪುಟದಲ್ಲಿಯ ಇಂಥ ಭಾಗವನ್ನು ಮರೆಮಾಡೆನ್ನುತ್ತದೆ; ಮತ್ತೊಂದು ಬಗೆಯದು ತಡೆಯಲ್ಪಟ್ಟುದರಲ್ಲಿ ಇಂಥದನ್ನು ಬಿಟ್ಟುಬಿಡು ಎಂದು ವಿನಾಯಿತಿ ಕೊಡುತ್ತದೆ. ಜಾಹೀರಾತುದಾರನು ವಿಳಾಸವನ್ನು ಬದಲಿಸಿದರೆ ಸಾಲು ವ್ಯರ್ಥವಾಗುವುದು. ಸಾಲಿನಲ್ಲಿ ಒಂದು ಅಕ್ಷರ ತಪ್ಪಿದರೆ ಎಲ್ಲಿಯೋ ಒಬ್ಬನಿಗೆ ಬ್ಯಾಂಕಿನ ಪುಟವೇ ತೆರೆಯದಾಗುವುದು. ಪೆಟ್ನೆಲ್ 2009ರಲ್ಲಿ ತೀರಿಕೊಂಡರು. ಅವರ ಪಟ್ಟಿಯು ಅವರೊಡನೆ ಅಳಿಯಲಿಲ್ಲ. ಸ್ವಯಂಸೇವಕರ ಚಿಕ್ಕ ಬಳಗವೊಂದು ಅದನ್ನು ವಹಿಸಿಕೊಂಡು ಇಂದಿಗೂ ನಡೆಸಿಕೊಂಡು ಬರುತ್ತಿದೆ. ಈ ಚರಿತ್ರೆಯಲ್ಲಿ ಉತ್ತರಾಧಿಕಾರವು ಕ್ರಮವಾಗಿ ನಡೆದ ಕೆಲವೇ ನಿದರ್ಶನಗಳಲ್ಲಿ ಇದು ಪ್ರಮುಖವಾದುದು.

ಅದೇ 2009ರಲ್ಲಿ ಎಕ್ಸ್‌ಟೆನ್ಷನ್ನುಗಳ ಲೋಕವು ತನ್ನ ಮೊದಲನೆಯ ನೈತಿಕ ಪ್ರಶ್ನೆಯನ್ನು ಎದುರಿಸಿತು. ಈಸಿಲಿಸ್ಟಿನವರು ನೋಸ್ಕ್ರಿಪ್ಟಿನ ಜಾಲತಾಣದ ಜಾಹೀರಾತುಗಳನ್ನು ತಡೆಯುವ ನಿಯಮಗಳನ್ನು ಬಿಗಿಮಾಡುತ್ತ ಹೋದಾಗ, ಆ ವರಮಾನವನ್ನೇ ನಂಬಿದ್ದ ಮಾವೊನೆ ತಮ್ಮ ಎಕ್ಸ್‌ಟೆನ್ಷನ್ನಿನ ನವೀಕರಣದಲ್ಲಿ ಆ್ಯಡ್‌ಬ್ಲಾಕ್ ಪ್ಲಸ್ಸಿನ ಕಾರ್ಯಕ್ಕೆ ಅಡ್ಡಿಮಾಡುವ ಸಂಕೇತವನ್ನು ಸೇರಿಸಿದರು. ಒಂದೇ ಬ್ರೌಸರಿನೊಳಗೆ ಒಂದು ಎಕ್ಸ್‌ಟೆನ್ಷನ್ನು ಇನ್ನೊಂದರ ಕೈಯನ್ನು ಬಳಕೆದಾರನಿಗೆ ತಿಳಿಯದಂತೆ ಕಟ್ಟಿಹಾಕಿದುದನ್ನು ಕಂಡು ಜನರು ಕೆರಳಿದರು. ಮಾವೊನೆ ಬಹಿರಂಗವಾಗಿ ಕ್ಷಮೆ ಕೋರಿ ಆ ಸಂಕೇತವನ್ನು ತೆಗೆದುಹಾಕಿದರು. ಎಕ್ಸ್‌ಟೆನ್ಷನ್ನು ತಾನು ಮಾಡುತ್ತೇನೆಂದು ಹೇಳದ ಬದಲಾವಣೆಯನ್ನು ಬಳಕೆದಾರನ ಒಪ್ಪಿಗೆಯಿಲ್ಲದೆ ಮಾಡತಕ್ಕದ್ದಲ್ಲವೆಂಬ ನಿಯಮವನ್ನು ಮೊಜಿಲ್ಲಾವು ಬರೆದಿಟ್ಟದ್ದು ಈ ಕಲಹದ ಫಲವಾಗಿ.

2008ರ ಸೆಪ್ಟೆಂಬರಿನಲ್ಲಿ ಗೂಗಲಿನ ಕ್ರೋಮ್ ಬ್ರೌಸರು ಪ್ರಕಟವಾಯಿತು. 2009ರ ಡಿಸೆಂಬರಿನಲ್ಲಿ ಅದರ ಎಕ್ಸ್‌ಟೆನ್ಷನ್ನುಗಳ ಅಂಗಡಿಯೂ ತೆರೆಯಿತು. ಗ್ರೀಸ್‌ಮಂಕಿಯ ಬೂಡ್‌ಮನ್ ಅಷ್ಟರಲ್ಲಿ ಗೂಗಲನ್ನು ಸೇರಿ ಆ ವ್ಯವಸ್ಥೆಯ ರಚನೆಯಲ್ಲಿ ಕೈಗೂಡಿಸಿದ್ದರು. ಫೈರ್‌ಫಾಕ್ಸಿನಲ್ಲಿ ಎಕ್ಸ್‌ಟೆನ್ಷನ್ನು ಮನೆಯವನಂತೆ ಎಲ್ಲ ಕೋಣೆಗಳಲ್ಲೂ ಓಡಾಡುತ್ತಿದ್ದರೆ, ಕ್ರೋಮಿನಲ್ಲಿ ಅದು ತನಗೆ ಬೇಕಾದ ಅನುಮತಿಗಳನ್ನು ಮ್ಯಾನಿಫೆಸ್ಟ್ ಎಂಬ ಕಡತದಲ್ಲಿ ಮೊದಲೇ ಘೋಷಿಸಿ, ನಿಗದಿಯಾದ ದಾರಿಯಲ್ಲಿ ಮಾತ್ರ ನಡೆಯಬೇಕಾಗಿತ್ತು. ಇದರಿಂದ ಶಕ್ತಿಯು ಕುಗ್ಗಿದರೂ ಸ್ಥಿರತೆಯು ಹೆಚ್ಚಿತು. ಬ್ರೌಸರು ಬದಲಾದಾಗಲೆಲ್ಲ ಎಕ್ಸ್‌ಟೆನ್ಷನ್ನು ಮುರಿಯುವ ಪೀಡೆಯು ಬಹುಮಟ್ಟಿಗೆ ತಪ್ಪಿತು. ಇನ್ನೊಂದು ವಿಶೇಷವೆಂದರೆ, ಕರ್ತೃವು ಅಂಗಡಿಗೆ ಹೊಸ ಆವೃತ್ತಿಯನ್ನು ಒಪ್ಪಿಸಿದೊಡನೆ ಅದು ಸಕಲ ಬಳಕೆದಾರರ ಗಣಕಗಳಿಗೂ ಸದ್ದಿಲ್ಲದೆ ಹೋಗಿ ಸೇರುತ್ತಿತ್ತು. ದೋಷವನ್ನು ತಿದ್ದುವವನಿಗೆ ಇದಕ್ಕಿಂತ ದೊಡ್ಡ ಅನುಕೂಲವಿಲ್ಲ. ದ್ರೋಹವನ್ನು ಬಗೆಯುವವನಿಗೂ ಇದಕ್ಕಿಂತ ದೊಡ್ಡ ಅನುಕೂಲವಿಲ್ಲವೆಂಬುದು ಕೆಲವು ವರ್ಷಗಳ ತರುವಾಯ ಅನುಭವಕ್ಕೆ ಬಂದಿತು.

ಹೀಗೆ ಜನಪ್ರಿಯತೆ ಬೆಳೆಯಿತು. ಪಾಲಕನ ಹೊಟ್ಟೆಪಾಡಿನ ಪ್ರಶ್ನೆಯೂ ಅದರೊಡನೆ ಬೆಳೆಯಿತು. ಲಕ್ಷಾಂತರ ಜನರು ಉಚಿತವಾಗಿ ಬಳಸುತ್ತ, ಕೆಟ್ಟಾಗ ಮಾತ್ರ ಪಾಲಕನನ್ನು ನೆನೆದು ದೂರು ಬರೆಯುವುದು ಲೋಕರೂಢಿ. ಪಲಂಟ್ 2011ರಲ್ಲಿ ಟಿಲ್ ಫೈಡಾ ಅವರೊಡಗೂಡಿ ಕಲೋನ್ ನಗರದಲ್ಲಿ ಐಯೊ ಎಂಬ ಸಂಸ್ಥೆಯನ್ನು ಸ್ಥಾಪಿಸಿ, ಅದೇ ವರ್ಷದ ಡಿಸೆಂಬರಿನಲ್ಲಿ ಸ್ವೀಕಾರಾರ್ಹ ಜಾಹೀರಾತುಗಳ ಯೋಜನೆಯನ್ನು ಪ್ರಾರಂಭಿಸಿದರು. ಸಭ್ಯವಾದ, ಓದಿಗೆ ಅಡ್ಡಬರದ ಜಾಹೀರಾತುಗಳನ್ನು ತಡೆಯದೆ ಬಿಡುವುದು, ಹಾಗೆ ಬಿಡಿಸಿಕೊಂಡ ದೊಡ್ಡ ಸಂಸ್ಥೆಗಳಿಂದ ಶುಲ್ಕವನ್ನು ಪಡೆಯುವುದು, ಯಾವ ಜಾಹೀರಾತೂ ಬೇಡವೆನ್ನುವ ಬಳಕೆದಾರನಿಗೆ ಅದನ್ನು ನಿಲ್ಲಿಸುವ ಸೌಕರ್ಯವಿಡುವುದು, ಇದು ಅದರ ಸ್ವರೂಪ. ಕಾಪಾಡುವುದಾಗಿ ಹೇಳಿ ಸುಂಕ ವಸೂಲುಮಾಡುವ ಕ್ರಮವಿದೆಂದು ಪ್ರಕಾಶಕರು ಗುಡುಗಿದರು. ಜರ್ಮನಿಯ ಆಕ್ಸೆಲ್ ಸ್ಪ್ರಿಂಗರ್ ಪತ್ರಿಕಾಸಂಸ್ಥೆಯು ಹೂಡಿದ ವ್ಯಾಜ್ಯವು ಮೆಟ್ಟಿಲಿನಿಂದ ಮೆಟ್ಟಿಲಿಗೆ ಏರಿ, 2018ರ ಏಪ್ರಿಲ್ 19ರಂದು ಆ ದೇಶದ ಸಂಯುಕ್ತ ಪರಮೋಚ್ಚ ನ್ಯಾಯಾಲಯವು ಜಾಹೀರಾತನ್ನು ತಡೆಯುವುದು ಅನ್ಯಾಯದ ಸ್ಪರ್ಧೆಯಲ್ಲವೆಂದು ತೀರ್ಪಿತ್ತಿತು.

ಪ್ರಕಾಶಕರ ಅಳಲಿನಲ್ಲಿ ಸತ್ಯವಿಲ್ಲವೆಂದು ಹೇಳುವುದಕ್ಕಾಗದು. ಜಾಹೀರಾತಿನ ಹಣದಿಂದಲೇ ಬದುಕುವ ಪತ್ರಿಕೆಗಳು ಎಷ್ಟೋ ಉಂಟು; ತಡೆಯುವ ತಂತ್ರಾಂಶಕ್ಕೆ ಸುದ್ದಿಯನ್ನು ಕಷ್ಟಪಟ್ಟು ತಂದವನಿಗೂ ಓದುಗನನ್ನು ಹಿಂಬಾಲಿಸಿ ಬೇಹು ನಡೆಸುವವನಿಗೂ ಭೇದವಿಲ್ಲ. ಈ ಸಂದಿಗ್ಧವನ್ನು ಮಾರ್ಕೊ ಆರ್ಮೆಂಟ್ ಎಂಬ ಅಮೆರಿಕದ ತಂತ್ರಜ್ಞರಷ್ಟು ತೀವ್ರವಾಗಿ ಅನುಭವಿಸಿದವರು ವಿರಳ. 2015ರ ಸೆಪ್ಟೆಂಬರಿನಲ್ಲಿ ಆ್ಯಪಲ್ ಸಂಸ್ಥೆಯು ಐಫೋನಿನ ಬ್ರೌಸರಿಗೆ ಇಂಥ ತಡೆಗಳನ್ನು ಸೇರಿಸುವ ಅವಕಾಶವನ್ನು ಕೊಟ್ಟಾಗ, ಅವರ ಪೀಸ್ ಎಂಬ ಆ್ಯಪು ಮಾರಾಟದಲ್ಲಿ ಒಮ್ಮೆಲೇ ಅಗ್ರಸ್ಥಾನಕ್ಕೇರಿತು. ಎರಡೇ ದಿನಗಳಲ್ಲಿ ಅವರು, ಇತರರಿಗೆ ನೋವುಂಟುಮಾಡುವ ಈ ಗೆಲವು ತಮಗೆ ಹಿತವೆನಿಸುತ್ತಿಲ್ಲವೆಂಬ ಅರ್ಥದ ಮಾತನ್ನು ಬರೆದು, ಅದನ್ನು ಹಿಂದಕ್ಕೆ ತೆಗೆದುಕೊಂಡರು.

ಈ ಇತಿಹಾಸದಲ್ಲಿ ಪಾಲನೆಯ ಭಾರವನ್ನು ಎಲ್ಲರಿಗಿಂತ ನಿಚ್ಚಳವಾಗಿ ಕಾಣಿಸಿದವರು ಕೆನಡಾದ ರೇಮಂಡ್ ಹಿಲ್. ಕ್ರೋಮಿಗಾಗಿ 2013ರಲ್ಲಿ ಅವರು ರಚಿಸಿದ್ದ ಕ್ಲಿಷ್ಟವಾದ ಸಾಧನವೊಂದರಿಂದ ಹೊರಬಂದದ್ದು 2014ರ ಜೂನಿನ ಯೂಬ್ಲಾಕ್; ಗಣಕದ ಸ್ಮೃತಿಯನ್ನು ಕಡಮೆ ಬಳಸಿ ಹೆಚ್ಚಿನ ನಿಯಮಗಳನ್ನು ನಡೆಸಬಲ್ಲುದೆಂಬ ಖ್ಯಾತಿ ಅದಕ್ಕೆ ಬೇಗನೆ ಬಂದಿತು. ಖ್ಯಾತಿಯ ಬೆನ್ನಿಗೆ ಕೋರಿಕೆಗಳೂ ದೂರುಗಳೂ ಬಂದವು. ಹವ್ಯಾಸವೆಂದು ಹಿಡಿದದ್ದು ಉದ್ಯೋಗದಂತೆ ಹೆಗಲೇರಿದಾಗ, 2015ರ ಏಪ್ರಿಲಿನಲ್ಲಿ ಹಿಲ್ ಅದನ್ನು ಸಹಕರ್ತೃವೊಬ್ಬರಿಗೆ ಒಪ್ಪಿಸಿ ಹಿಂದೆ ಸರಿದರು. ಆದರೆ ಕೊಟ್ಟುದು ಹೋದ ದಾರಿಯು ಅವರ ಮನಸ್ಸಿಗೆ ಸಮ್ಮತವಾಗಲಿಲ್ಲ; ತಮ್ಮದೇ ಪ್ರತಿಯನ್ನು ಪ್ರತ್ಯೇಕವಾಗಿ ಮುಂದುವರಿಸಿ ಅದಕ್ಕೆ ಯೂಬ್ಲಾಕ್ ಆರಿಜಿನ್ ಎಂದು ಹೆಸರಿಟ್ಟರು. ಮುಂದೆ 2018ರಲ್ಲಿ, ಕೈಬಿಟ್ಟ ಯೂಬ್ಲಾಕು ಕ್ರೋಮಿನ ಪ್ರಸಿದ್ಧವಾದ ಇನ್ನೊಂದು ಜಾಹೀರಾತು-ತಡೆ ಸಂಸ್ಥೆಯ ಪಾಲಾಗಿ, ಮರುವರ್ಷ ಸ್ವೀಕಾರಾರ್ಹ ಜಾಹೀರಾತುಗಳ ಯೋಜನೆಯನ್ನು ಸೇರಿತು. ಯೂಬ್ಲಾಕ್ ಆರಿಜಿನ್ ಒಂದು ಕೋಟಿಗೂ ಮೀರಿದ ಬಳಕೆದಾರರನ್ನು ಪಡೆದಮೇಲೂ ಹಿಲ್ ಯಾರಿಂದಲೂ ದೇಣಿಗೆಯನ್ನು ಸ್ವೀಕರಿಸಲಿಲ್ಲ. ಏನಾದರೂ ಮಾಡಬೇಕೆನಿಸಿದರೆ ತಡೆಪಟ್ಟಿಗಳನ್ನು ಕಾಯುತ್ತಿರುವವರನ್ನು ನೆನೆಯಿರಿ ಎಂದೇ ಅವರು ಬಳಕೆದಾರರಿಗೆ ಸೂಚಿಸಿದ್ದು. ಹಣವನ್ನು ತೆಗೆದುಕೊಂಡವನು ಕೊಟ್ಟವರ ಋಣಕ್ಕೆ ಒಳಗಾಗುವನು, ತೆಗೆದುಕೊಳ್ಳದವನು ಬೇಕೆಂದಾಗ ಎದ್ದುಹೋಗಬಲ್ಲನು. ತಮ್ಮ ಮತ್ತೊಂದು ಕೃತಿಯಾದ ಯೂಮ್ಯಾಟ್ರಿಕ್ಸಿನ ಪಾಲನೆಯನ್ನು 2020ರಲ್ಲಿ ನಿಲ್ಲಿಸಿದಾಗ ಅವರು ಆ ಸ್ವಾತಂತ್ರ್ಯವನ್ನು ಬಳಸಿಯೂ ತೋರಿಸಿದರು.

ಎದ್ದುಹೋಗುವವರೆಲ್ಲರೂ ಬಾಗಿಲು ಹಾಕಿ ಹೋಗುವುದಿಲ್ಲ; ಬೀಗದ ಕೈಯನ್ನು ಮಾರಿ ಹೋಗುವವರೂ ಉಂಟು. ಜಾಲಪುಟಗಳ ಅಂದವನ್ನು ಬದಲಿಸುವ ಸ್ಟೈಲಿಶ್ ಎಂಬ ಎಕ್ಸ್‌ಟೆನ್ಷನ್ನು 2017ರಲ್ಲಿ ಸಿಮಿಲರ್‌ವೆಬ್ ಎಂಬ ಅಂಕಿ-ಅಂಶ ಸಂಸ್ಥೆಯ ವಶವಾಯಿತು. ಅದು ಬಳಕೆದಾರರು ನೋಡಿದ ಪುಟಗಳ ವಿವರವನ್ನೆಲ್ಲ ರವಾನಿಸುತ್ತಿರುವುದು 2018ರ ಜುಲೈಯಲ್ಲಿ ಬಯಲಾಗಿ, ಕ್ರೋಮ್ ಫೈರ್‌ಫಾಕ್ಸ್‌ಗಳೆರಡೂ ಅದನ್ನು ಅಂಗಡಿಯಿಂದ ಹೊರಹಾಕಿದವು. ಬಳಸದ ಟ್ಯಾಬುಗಳನ್ನು ನಿದ್ರೆಗೆ ಕಳುಹಿಸಿ ಗಣಕದ ಭಾರವನ್ನಿಳಿಸುತ್ತಿದ್ದ ಗ್ರೇಟ್ ಸಸ್ಪೆಂಡರ್ ಸುಮಾರು 20 ಲಕ್ಷ ಜನರ ವಿಶ್ವಾಸವನ್ನು ಗಳಿಸಿತ್ತು. 2020ರ ಜೂನಿನಲ್ಲಿ ಅದರ ಕರ್ತೃವು ಅದನ್ನು ಅಜ್ಞಾತ ಖರೀದಿದಾರರಿಗೆ ಮಾರಿದ ಬಳಿಕ ಅದರೊಳಗೆ ಸಂಶಯಾಸ್ಪದವಾದ ಸಂಕೇತಗಳು ನುಸುಳಿ, 2021ರ ಫೆಬ್ರವರಿಯಲ್ಲಿ ಗೂಗಲ್ ಅದನ್ನು ದುಷ್ಟ ತಂತ್ರಾಂಶವೆಂದು ಘೋಷಿಸಿ ಎಲ್ಲರ ಬ್ರೌಸರಿನಲ್ಲಿಯೂ ನಿಷ್ಕ್ರಿಯಗೊಳಿಸಿತು. ಮಾರದೆ ಇದ್ದವರಿಗೂ ನಿಶ್ಚಿಂತೆಯಿಲ್ಲ. ವೆಬ್ ಡೆವಲಪರ್ ಎಂಬ ಹಳೆಯ, ಹತ್ತು ಲಕ್ಷಕ್ಕೂ ಹೆಚ್ಚು ಜನರು ಬಳಸುತ್ತಿದ್ದ ಎಕ್ಸ್‌ಟೆನ್ಷನ್ನಿನ ಕರ್ತೃ ಕ್ರಿಸ್ ಪೆಡೆರಿಕ್ 2017ರ ಆಗಸ್ಟಿನಲ್ಲಿ ವಂಚನೆಯ ಮಿಂಚಂಚೆಗೆ ಮೋಸಹೋದಾಗ, ಕಳ್ಳರು ಅವರ ಖಾತೆಯೊಳಗೆ ಹೊಕ್ಕು ಕಲುಷಿತವಾದ ಆವೃತ್ತಿಯನ್ನು ಬಿಟ್ಟರು. ಅದೇ ಉಪಾಯದಿಂದ 2024ರ ಡಿಸೆಂಬರಿನಲ್ಲಿ ಸೈಬರ್‌ಹೇವನ್ ಎಂಬ ಭದ್ರತಾ ಸಂಸ್ಥೆಯ ಎಕ್ಸ್‌ಟೆನ್ಷನ್ನೇ ಕೈವಶವಾಯಿತೆಂದ ಮೇಲೆ ಒಬ್ಬಂಟಿ ಹವ್ಯಾಸಿಗಳ ಮಾತೇನು?

ಕನ್ನಡನಾಡಿನ ದಾನಶಾಸನಗಳನ್ನು ಓದಿದವರು ಬಲ್ಲರು: ಕೆರೆಯನ್ನೋ ಭೂಮಿಯನ್ನೋ ತಾನೇ ಕೊಟ್ಟವನಿಗಿಂತಲೂ, ಅನ್ಯರು ಕೊಟ್ಟುದನ್ನು ಕೆಡಿಸದೆ ಪಾಲಿಸಿದವನಿಗೆ ಅಧಿಕವಾದ ಪುಣ್ಯವನ್ನೂ, ಅದನ್ನು ಅಪಹರಿಸಿದವನಿಗೆ ಘೋರವಾದ ಪಾಪವನ್ನೂ ಹೇಳುವ ಮಾತುಗಳು ಅವುಗಳ ಕೊನೆಯಲ್ಲಿ ಬರುತ್ತವೆ. ದಾನವನ್ನು ಕೊಡುವ ದಿನವೇ ಅದನ್ನು ಮುಂದೆ ಕಾಯಬೇಕಾದವರ ಚಿಂತೆಯು ನಮ್ಮ ಹಿರಿಯರಿಗೆ ಇದ್ದಿತು. ಎಕ್ಸ್‌ಟೆನ್ಷನ್ನುಗಳ ಲೋಕದಲ್ಲಿ ಅಂಥ ವಾಕ್ಯವನ್ನು ಯಾರೂ ಕೊರೆಯಿಸಲಿಲ್ಲ. ಸಂಕೇತದ ಹಕ್ಕಿಗೆ ಪರವಾನಗಿ ಪತ್ರವುಂಟು, ಹೆಸರಿನ ಹಕ್ಕಿಗೆ ವ್ಯಾಪಾರಚಿಹ್ನೆಯುಂಟು. ಬಳಕೆದಾರರು ಇಟ್ಟ ವಿಶ್ವಾಸವು ಮಾತ್ರ ಯಾವ ಕಾಗದದಲ್ಲಿಯೂ ನಮೂದಾಗದೆ, ಖಾತೆಯ ಪಾಸ್‌ವರ್ಡಿನೊಡನೆ ಕೈ ಬದಲಾಯಿಸುತ್ತದೆ.

ಇದುವರೆಗೆ ಹೇಳಿದ್ದು ಪಾಲಕನ ಗುಣದೋಷಗಳ ಮಾತು. ಪಾಲಕನು ಎಷ್ಟೇ ನಿಷ್ಠಾವಂತನಾದರೂ, ಅವನ ಕೃತಿಯು ನಿಂತ ನೆಲವು ಅನ್ಯರದು. 2015ರ ಆಗಸ್ಟಿನಲ್ಲಿ ಮೊಜಿಲ್ಲಾವು ಝೂಲ್ ಪದ್ಧತಿಯನ್ನು ಕೈಬಿಟ್ಟು ಕ್ರೋಮಿನ ಮಾದರಿಯ ವೆಬ್‌ಎಕ್ಸ್‌ಟೆನ್ಷನ್ಸ್ ಪದ್ಧತಿಗೆ ಹೋಗುವುದಾಗಿ ಸಾರಿತು. ಬ್ರೌಸರನ್ನು ಹಲವು ಪ್ರಕ್ರಿಯೆಗಳಾಗಿ ವಿಭಜಿಸಿ ವೇಗವನ್ನೂ ಭದ್ರತೆಯನ್ನೂ ಹೆಚ್ಚಿಸಬೇಕಾದರೆ ಎಕ್ಸ್‌ಟೆನ್ಷನ್ನುಗಳ ಹಳೆಯ ಸ್ವಚ್ಛಂದತೆಯು ಉಳಿಯುವಂತಿರಲಿಲ್ಲವೆಂಬ ಅವರ ಸಮಾಧಾನದಲ್ಲಿ ತಥ್ಯವಿತ್ತು. 2017ರ ನವೆಂಬರ್ 14ರಂದು ಫೈರ್‌ಫಾಕ್ಸಿನ 57ನೆಯ ಆವೃತ್ತಿಯು ಬಂದಾಗ ಹಳೆಯ ಎಕ್ಸ್‌ಟೆನ್ಷನ್ನುಗಳೆಲ್ಲ ಒಂದೇ ದಿನ ನಿಂತುಹೋದವು. ಪುನಃ ಬರೆಯುವ ಶಕ್ತಿಯಿದ್ದವರು ಬರೆದರು, ಮಿಕ್ಕವರ ಹತ್ತು ಹದಿನೈದು ವರ್ಷಗಳ ದುಡಿಮೆಯು ಇತಿಹಾಸವಾಯಿತು. 2019ರ ಮೇ ತಿಂಗಳ ಆರಂಭದಲ್ಲಿ, ಎಕ್ಸ್‌ಟೆನ್ಷನ್ನುಗಳಿಗೆ ಮೊಜಿಲ್ಲಾ ಹಾಕುವ ಮುದ್ರೆಯ ಪ್ರಮಾಣಪತ್ರವೊಂದರ ಅವಧಿಯು ಮುಗಿದುದನ್ನು ಯಾರೂ ಗಮನಿಸದೆ ಹೋದದ್ದರಿಂದ, ಲೋಕದ ಫೈರ್‌ಫಾಕ್ಸುಗಳಲ್ಲಿ ಬಹುಪಾಲು ಎಲ್ಲ ಎಕ್ಸ್‌ಟೆನ್ಷನ್ನುಗಳೂ ಏಕಕಾಲದಲ್ಲಿ ಕಣ್ಮುಚ್ಚಿದವು. ಅದರಲ್ಲಿ ಯಾವ ಕರ್ತೃವಿನ ತಪ್ಪೂ ಇರಲಿಲ್ಲ. ತಿದ್ದುವ ಶಕ್ತಿಯೂ ಅವರಲ್ಲಿ ಯಾರಿಗೂ ಇರಲಿಲ್ಲ.

ಇದೆಲ್ಲಕ್ಕಿಂತ ದೀರ್ಘವಾದ ಹೋರಾಟವು ಕ್ರೋಮಿನಲ್ಲಿ ನಡೆಯಿತು. ಅಲ್ಲಿಯವರೆಗೆ ಜಾಹೀರಾತು-ತಡೆಗಳು ಕೆಲಸಮಾಡುತ್ತಿದ್ದ ಕ್ರಮ ಹೀಗಿತ್ತು: ಪುಟವು ಹೊರಗಿನಿಂದ ಯಾವುದೇ ವಸ್ತುವನ್ನು ತರಿಸಿಕೊಳ್ಳುವ ಮುನ್ನ ಬ್ರೌಸರು ಎಕ್ಸ್‌ಟೆನ್ಷನ್ನನ್ನು ಕೇಳುವುದು, ಎಕ್ಸ್‌ಟೆನ್ಷನ್ನು ತನ್ನ ಪಟ್ಟಿಯನ್ನು ನೋಡಿ ಬರಲಿ ಎಂದೋ ಬೇಡವೆಂದೋ ಹೇಳುವುದು. 2018ರ ಅಂತ್ಯದಲ್ಲಿ ಗೂಗಲ್ ಪ್ರಕಟಿಸಿದ ಮ್ಯಾನಿಫೆಸ್ಟ್ ವಿ3 ಎಂಬ ಹೊಸ ವಿಧಾನದಲ್ಲಿ ಈ ಕೇಳುವ ಪರಿಪಾಠಕ್ಕೆ ಅವಕಾಶವಿರಲಿಲ್ಲ. ಎಕ್ಸ್‌ಟೆನ್ಷನ್ನು ತನ್ನ ನಿಯಮಗಳನ್ನು ಮುಂಚಿತವಾಗಿಯೇ ಬ್ರೌಸರಿಗೆ ಒಪ್ಪಿಸಬೇಕು. ನಿರ್ಣಯವನ್ನು ಬ್ರೌಸರೇ ಮಾಡುವುದು. ಬಳಕೆದಾರನು ನೋಡುವುದೆಲ್ಲವನ್ನೂ ಎಕ್ಸ್‌ಟೆನ್ಷನ್ನು ಕಾಣಬೇಕಾದ ಅಗತ್ಯ ತಪ್ಪುವುದರಿಂದ ಗೋಪ್ಯತೆಗೂ ವೇಗಕ್ಕೂ ಇದು ಹಿತವೆಂಬುದು ಗೂಗಲಿನ ವಾದ; ಹಿಂದೆ ಹೇಳಿದ ದ್ರೋಹಗಳನ್ನು ನೆನೆದರೆ ಅದು ಬರಿಯ ನೆಪವೆಂದು ತಳ್ಳಿಹಾಕುವಂತಿಲ್ಲ. ಆದರೆ ಒಪ್ಪಿಸಬಹುದಾದ ನಿಯಮಗಳಿಗೆ ಮೊದಲು ಸೂಚಿಸಿದ ಮಿತಿಯು 30,000. ಈಸಿಲಿಸ್ಟ್ ಒಂದರಲ್ಲಿಯೇ ಅದಕ್ಕಿಂತ ಬಹಳ ಹೆಚ್ಚಿನ ಸಾಲುಗಳಿದ್ದವು. 2019ರ ಜನವರಿಯಲ್ಲಿ ಹಿಲ್ ಇದನ್ನು ಎತ್ತಿ ತೋರಿಸಿ, ಈ ವಿಧಾನದಲ್ಲಿ ಯೂಬ್ಲಾಕ್ ಆರಿಜಿನ್ ಬದುಕಲಾರದೆಂದು ಸ್ಪಷ್ಟವಾಗಿ ನುಡಿದರು. ಜಾಹೀರಾತೇ ಮುಖ್ಯವಾದ ವರಮಾನವಾಗಿರುವ ಸಂಸ್ಥೆಯು ಜಾಹೀರಾತು-ತಡೆಗೆ ಮಿತಿಯನ್ನು ವಿಧಿಸುವುದನ್ನು ಲೋಕವು ಶಂಕಿಸಿದುದರಲ್ಲಿ ಆಶ್ಚರ್ಯವೇನೂ ಇಲ್ಲ. ಗೂಗಲ್ ಮಿತಿಯನ್ನು ಹಲವು ಸಲ ಸಡಿಲಿಸಿತು, ಗಡುವನ್ನು ಹಲವು ಸಲ ಮುಂದೂಡಿತು. ಕೊನೆಗೆ 2024ರ ಜೂನಿನಲ್ಲಿ ಆರಂಭಿಸಿ 2025ರೊಳಗೆ ಹಳೆಯ ವಿಧಾನದ ಎಕ್ಸ್‌ಟೆನ್ಷನ್ನುಗಳನ್ನು ಕ್ರೋಮಿನಿಂದ ನಿವಾರಿಸಿತು. ಹಿಲ್ ಹೊಸ ವಿಧಾನಕ್ಕೆ ಹೊಂದುವಂತೆ, ಶಕ್ತಿಯಲ್ಲಿ ಕಿರಿದಾದ ಯೂಬ್ಲಾಕ್ ಆರಿಜಿನ್ ಲೈಟ್ ಎಂಬ ಪ್ರತ್ಯೇಕ ಕೃತಿಯನ್ನು 2022ರಲ್ಲಿಯೇ ಹೊರತಂದಿದ್ದರು. ಮೊಜಿಲ್ಲಾವು ಹಳೆಯ ಕೇಳುವ ಕ್ರಮವನ್ನು ಫೈರ್‌ಫಾಕ್ಸಿನಲ್ಲಿ ಉಳಿಸಿಕೊಂಡಿದೆ.

ಇತ್ತ ಪಟ್ಟಿಗಳ ಯುದ್ಧವೂ ನಿಂತಿಲ್ಲ. 2016ರ ಆಗಸ್ಟಿನಲ್ಲಿ ಫೇಸ್‌ಬುಕ್ ತನ್ನ ಜಾಹೀರಾತುಗಳನ್ನು ತಡೆಯಲಾಗದಂತೆ ಮಾಡಿರುವೆನೆಂದು ಸಾರಿದ ಎರಡೇ ದಿನಗಳಲ್ಲಿ ಪಟ್ಟಿಯವರು ಅದಕ್ಕೊಂದು ಸಾಲನ್ನು ಬರೆದರು. ಫೇಸ್‌ಬುಕ್ ಅದನ್ನು ಮುರಿಯಿತು, ಪಟ್ಟಿಯವರು ಮತ್ತೆ ಬರೆದರು. 2023ರಲ್ಲಿ ಯೂಟ್ಯೂಬ್ ಜಾಹೀರಾತು-ತಡೆಯನ್ನಿಟ್ಟುಕೊಂಡವರಿಗೆ ವಿಡಿಯೋ ತೋರಿಸದೆ ನಿಲ್ಲಿಸತೊಡಗಿದಾಗ, ಯೂಬ್ಲಾಕ್ ಆರಿಜಿನ್ನಿನ ಸ್ವಯಂಸೇವಕರು ಒಂದೇ ದಿನದಲ್ಲಿ ಹಲವು ಬಾರಿ ಪಟ್ಟಿಯನ್ನು ತಿದ್ದಿ ಕಳುಹಿಸಬೇಕಾಯಿತು. ಒಂದು ಕಡೆ ಸಂಬಳ ಪಡೆಯುವ ಎಂಜಿನಿಯರುಗಳ ಪಡೆ, ಇನ್ನೊಂದು ಕಡೆ ಮನೆಯ ಕೆಲಸ ಮುಗಿಸಿ ಬಂದು ಕುಳಿತ ಕೆಲವರು.

ಈ ಪೂರ್ವೋತ್ತರವನ್ನು ಓದಿದವರಲ್ಲಿ ನನ್ನ ವಿಜ್ಞಾಪನೆ ಇಷ್ಟೆ. ತಮ್ಮ ಬ್ರೌಸರಿನಲ್ಲಿ ಯಾವ ಯಾವ ಎಕ್ಸ್‌ಟೆನ್ಷನ್ನುಗಳಿವೆಯೆಂಬುದನ್ನು ಒಮ್ಮೆ ತೆರೆದು ನೋಡಿರಿ. ಪ್ರತಿಯೊಂದಕ್ಕೂ ಯಾವ ಅನುಮತಿಯನ್ನು ಕೊಟ್ಟಿದ್ದೀರಿ, ಅದನ್ನು ಈಗ ಕಾಯುತ್ತಿರುವವರು ಯಾರು, ಅದು ಕೈ ಬದಲಾಯಿಸಿದೆಯೇ ಎಂಬುದನ್ನು ವಿಚಾರಿಸಿರಿ. ಬಳಸದೆ ಇರುವುದನ್ನು ತೆಗೆದುಹಾಕಿರಿ. ಬಳಸುವುದರ ಪಾಲಕನು ಸಹಾಯವನ್ನು ಅಪೇಕ್ಷಿಸಿದರೆ ಕೊಡಿರಿ. ಅಪೇಕ್ಷಿಸದಿದ್ದರೆ, ಮುಂದಿನ ಸಲ ಒಂದು ಪುಟವು ಸರಿಯಾಗಿ ತೆರೆಯದಾದಾಗ ಬೈದು ಬರೆಯುವ ಬದಲು, ಯಾವ ಪುಟ, ಯಾವ ಆವೃತ್ತಿ, ಏನು ಕೆಟ್ಟಿತು ಎಂಬುದನ್ನು ಸ್ಪಷ್ಟವಾಗಿ ಬರೆದು ತಿಳಿಸಿರಿ. ದೂರದಲ್ಲಿರುವ ಪಾಲಕನಿಗೆ ಬಳಕೆದಾರನಾದವನು ಮಾಡಬಹುದಾದ ಉಪಕಾರಗಳಲ್ಲಿ ಅದು ಚಿಕ್ಕದೇನೂ ಅಲ್ಲ.